ಕವಿ ಕಂಡ ಮಡದಿ

ಕಾಲೇಜಿನಲ್ಲಿ ಇಂಗ್ಲಿಷ್ ಪಠ್ಯ ಓದಿದವರಿಗೆ ವಿಲಿಯಂ ವರ್ಡ್ಸ್‌ವರ್ತ್ ಎಂದೊಡನೆ ಡ್ಯಾಫೊಡಿಲ್ ಹೂಗಳ ಪದ್ಯ ನೆನಪಾಗುತ್ತದೆ. ಆ ಪದ್ಯದ ಅತ್ಯುತ್ತಮವಾದ ಎರಡು ಸಾಲುಗಳು ತನ್ನವಲ್ಲ, ಹೆಂಡತಿ ಮೇರಿಯವು ಎಂದು ಕವಿಯೇ ಮುಪ್ಪಿನಲ್ಲಿ ಹೇಳಿದ್ದಾನೆ. ಈ ಮೇರಿಯನ್ನೇ ಕುರಿತು ಆತ ಬರೆದ ಇನ್ನೊಂದು ಪದ್ಯವಿದೆ. 1804ರ ಹೊತ್ತಿಗೆ ಬರೆದದ್ದು, 1807ರಲ್ಲಿ ಅಚ್ಚಾದದ್ದು. ಹತ್ತು ಹತ್ತು ಸಾಲುಗಳ ಮೂರೇ ಚರಣ.

ವರ್ಡ್ಸ್‌ವರ್ತ್ ಹುಟ್ಟಿದ್ದು 1770ರ ಏಪ್ರಿಲ್ 7ರಂದು, ಇಂಗ್ಲೆಂಡಿನ ವಾಯವ್ಯ ಭಾಗದ ಕಾಕರ್ಮೌತ್ ಊರಿನಲ್ಲಿ. ಮೇರಿ ಹಚಿನ್ಸನ್ ಅದೇ ವರ್ಷ ಆಗಸ್ಟಿನಲ್ಲಿ ಪೆನ್ರಿತ್‌ನಲ್ಲಿ ಹುಟ್ಟಿದಳು. ತಾಯಿಯ ತವರು ಪೆನ್ರಿತ್ ಆದ್ದರಿಂದ ಬಾಲಕ ವಿಲಿಯಂ ಆಕೆಯೊಂದಿಗೆ ಅಲ್ಲಿನ ಪುಟ್ಟ ಶಾಲೆಯೊಂದರಲ್ಲಿ ಅಕ್ಷರ ಕಲಿತ. ಹದಿನೈದು ತುಂಬುವಷ್ಟರಲ್ಲಿ ಇಬ್ಬರೂ ತಂದೆತಾಯಿಯರನ್ನು ಕಳೆದುಕೊಂಡು ಬಂಧುಗಳ ಆಶ್ರಯದಲ್ಲಿದ್ದರು.

ಆದರೆ ಈ ಬಾಲ್ಯದ ಗೆಳೆತನ ನೇರವಾಗಿ ಮದುವೆಗೆ ಬಂದು ಮುಟ್ಟಲಿಲ್ಲ. ಕೇಂಬ್ರಿಜ್ ಓದು ಮುಗಿಸಿ ಫ್ರಾನ್ಸಿಗೆ ಹೋದ ವಿಲಿಯಂ ಅಲ್ಲಿ ಆನೆಟ್ ವಲೋಂ ಎಂಬ ಕಥೋಲಿಕ ಯುವತಿಯನ್ನು ಪ್ರೀತಿಸಿದ. 1792ರ ಡಿಸೆಂಬರಿನಲ್ಲಿ ಅವರಿಗೆ ಕ್ಯಾರೊಲಿನ್ ಎಂಬ ಮಗಳು ಹುಟ್ಟಿದಳು. ಓರ್ಲಿಯಾನ್ಸ್ ಪ್ರಧಾನಾಲಯದಲ್ಲಿ ಮಗುವಿಗೆ ಜ್ಞಾನಸ್ನಾನವಾದಾಗ ದಾಖಲೆಯಲ್ಲಿ ತಂದೆಯ ಹೆಸರು ಬರೆಸಲಾಯಿತು. ತಂದೆ ಮಾತ್ರ ಅಲ್ಲಿರಲಿಲ್ಲ. ಮರುವರ್ಷ ಎರಡು ದೇಶಗಳ ನಡುವೆ ಯುದ್ಧ ಶುರುವಾಗಿ ದಾರಿ ಮುಚ್ಚಿತು. ಮದುವೆಯಾಗಲಿಲ್ಲ. ಇದನ್ನು ಯೌವನದ ಚಾಪಲ್ಯ ಎಂದು ಹಗುರಾಗಿ ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. ಆನೆಟ್ ಬಾಳೆಲ್ಲಾ ಒಂಟಿಯಾಗಿಯೇ ಉಳಿದಳು.

ಮೇರಿಗೆ ಈ ವಿಷಯ ಮದುವೆಗೆ ಮುಂಚೆಯೇ ಗೊತ್ತಿತ್ತು. 1802ರಲ್ಲಿ ಯುದ್ಧ ಸ್ವಲ್ಪ ಕಾಲ ನಿಂತಾಗ ವಿಲಿಯಂ ತನ್ನ ತಂಗಿ ಡೊರೊತಿಯೊಂದಿಗೆ ಕ್ಯಾಲೆಗೆ ಹೋಗಿ ಆನೆಟ್‌ಳನ್ನೂ ಒಂಬತ್ತು ವರ್ಷದ ಮಗಳನ್ನೂ ಕಂಡುಬಂದ. ಆಮೇಲೆ, ಅಕ್ಟೋಬರ್ 4ರಂದು, ಯಾರ್ಕ್‌ಶೈರಿನ ಬ್ರಾಂಪ್ಟನ್ ದೇವಾಲಯದಲ್ಲಿ ಮೇರಿಯ ಕೈಹಿಡಿದ. ಕ್ಯಾರೊಲಿನ್ 1816ರಲ್ಲಿ ಮದುವೆಯಾದಾಗ ವರ್ಷಕ್ಕೆ 30 ಪೌಂಡ್ ಕೊಡುವ ಏರ್ಪಾಡು ಮಾಡಿದ. 1820ರಲ್ಲಿ ಪ್ಯಾರಿಸಿಗೆ ಹೋದಾಗ ಮೇರಿಯೂ ಜೊತೆಗಿದ್ದಳು. ಆನೆಟ್‌ಳನ್ನೂ ಕ್ಯಾರೊಲಿನ್‌ಳನ್ನೂ ಭೇಟಿಯಾದಳು. ಇಂಥ ಭೇಟಿಗೆ ಎಷ್ಟು ದೊಡ್ಡ ಮನಸ್ಸು ಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ಈಗ ಪದ್ಯಕ್ಕೆ ಬರೋಣ. ಮೇರಿ ರೂಪವತಿ ಎಂದು ಹೆಸರಾದವಳಲ್ಲ. ಆ ಮನೆಯನ್ನು ಚೆನ್ನಾಗಿ ಬಲ್ಲ ಡಿ ಕ್ವಿನ್ಸಿ ಎಂಬ ಲೇಖಕ, ಆಕೆಯ ಕಣ್ಣಿನಲ್ಲಿ ಮೆಳ್ಳೆಯಿತ್ತೆಂದೂ ಬರೆದಿದ್ದಾನೆ. ಆದರೆ ಪದ್ಯದ ಮೊದಲ ಚರಣದಲ್ಲಿ ಆಕೆ ಬೆಳಕಿನ ರೂಪದಂತೆ ಕವಿಯ ಕಣ್ಣೆದುರು ಸುಳಿಯುತ್ತಾಳೆ. ಪ್ರೀತಿಸಿದವರೆಲ್ಲ ಕಾಣುವ ನೋಟವಿದು. ಸಾಮಾನ್ಯ ಕವಿ ಇಲ್ಲಿಗೇ ನಿಲ್ಲಿಸಿಬಿಡುತ್ತಿದ್ದ. ಎರಡನೆಯ ಚರಣದಲ್ಲಿ ವರ್ಡ್ಸ್‌ವರ್ತ್ ಹತ್ತಿರ ಹೋಗಿ ನೋಡುತ್ತಾನೆ. ಅಲ್ಲಿ ಮನೆಯೊಳಗೆ ಹಗುರವಾಗಿ ಓಡಾಡುವ ಹೆಣ್ಣು ಕಾಣುತ್ತಾಳೆ. ದಿನನಿತ್ಯದ ಊಟಕ್ಕೆ, ಸಣ್ಣ ಸಣ್ಣ ದುಃಖಗಳಿಗೆ, ಹೊಗಳಿಕೆಗೆ, ಬೈಗುಳಕ್ಕೆ, ಮುತ್ತಿಗೆ, ಕಣ್ಣೀರಿಗೆ ಒದಗುವವಳು. ಮದುವೆಯ ಹೊಸತನ ಕಳೆದ ಮೇಲೆ ಎಷ್ಟೋ ಗಂಡಸರಿಗೆ ಬೇಸರ ತರುವ ಪಟ್ಟಿಯೇ ಇದು. ಕವಿಗೆ ಅದೇ ಹೊಗಳಿಕೆಯ ವಸ್ತುವಾಯಿತು.

ಮೂರನೆಯ ಚರಣದ ಒಂದು ಶಬ್ದ ಇಂದಿನ ಓದುಗರನ್ನು ತಡೆದು ನಿಲ್ಲಿಸುತ್ತದೆ. ಹೆಂಡತಿಯನ್ನು ಯಂತ್ರ ಎಂದಿದ್ದಾನಲ್ಲ ಎಂದು ಮುನಿಸಿಕೊಳ್ಳುವವರಿದ್ದಾರೆ. ಆ ಕಾಲದ ಇಂಗ್ಲಿಷಿನಲ್ಲಿ ಆ ಶಬ್ದ ಮನುಷ್ಯದೇಹದ ರಚನೆಗೂ ಬಳಕೆಯಲ್ಲಿತ್ತು. ಆಕೆಯ ಜೀವದ ಮಿಡಿತವನ್ನೇ ಈಗ ಶಾಂತವಾಗಿ ಕಾಣುತ್ತಿದ್ದೇನೆ ಎಂಬುದು ತಾತ್ಪರ್ಯ. ಅಲ್ಲಿ ಕಾಣುವುದು ವಿವೇಕ, ತಾಳ್ಮೆ, ಮುಂದಾಲೋಚನೆ. ಎಚ್ಚರಿಸಲೂ ಸಂತೈಸಲೂ ಆಜ್ಞಾಪಿಸಲೂ ಬಲ್ಲವಳು. ಆಜ್ಞಾಪಿಸಲೂ ಎಂಬ ಮಾತನ್ನು ಗಂಡಂದಿರು ಇನ್ನೊಮ್ಮೆ ಓದಿಕೊಳ್ಳಬಹುದು.

ಈ ಮಾತುಗಳು ಎಷ್ಟು ನಿಜವೆಂದು ಆಮೇಲಿನ ವರ್ಷಗಳು ಪರೀಕ್ಷಿಸಿದವು. ಐವರು ಮಕ್ಕಳಾದರು. 1812ರ ಜೂನಿನಲ್ಲಿ, ನಾಲ್ಕು ತುಂಬದ ಕ್ಯಾಥರೀನ್ ತೀರಿಕೊಂಡಾಗ ಕವಿ ಲಂಡನ್ನಿನಲ್ಲಿದ್ದ, ಮೇರಿ ವೇಲ್ಸಿನಲ್ಲಿದ್ದಳು. ಇಬ್ಬರೂ ಬರುವ ಮುನ್ನವೇ ಮಗುವಿನ ಸಮಾಧಿಯಾಗಿತ್ತು. ಅದೇ ಡಿಸೆಂಬರಿನಲ್ಲಿ ಆರು ವರ್ಷದ ಥಾಮಸ್ ದಡಾರದಿಂದ ಸತ್ತ. ಆಗ ಅವರಿದ್ದ ಮನೆ ಗ್ರಾಸ್‌ಮಿಯರ್‌ನ ಸಮಾಧಿಭೂಮಿಯ ಪಕ್ಕದಲ್ಲೇ ಇತ್ತು. ಮಕ್ಕಳ ಗೋರಿಗಳನ್ನು ದಿನವೂ ನೋಡಲಾರದೆ 1813ರಲ್ಲಿ ರೈಡಲ್ ಮೌಂಟ್ ಎಂಬ ಮನೆಗೆ ಹೋದರು. ನಾದಿನಿ ಡೊರೊತಿ ಮದುವೆಯ ದಿನದಿಂದಲೂ ಅವರೊಂದಿಗೇ ಇದ್ದಳು; 1835ರ ಸುಮಾರಿಗೆ ಅವಳ ಬುದ್ಧಿ ಮಸುಕಾಯಿತು. ಗಂಡ ಸತ್ತ ಮೇಲೂ ಅವಳನ್ನು ನೋಡಿಕೊಂಡವಳು ಮೇರಿ, 1855ರವರೆಗೆ.

1977ರಲ್ಲಿ ಒಂದು ಆಶ್ಚರ್ಯ ನಡೆಯಿತು. 1810 ಮತ್ತು 1812ರಲ್ಲಿ ಈ ದಂಪತಿ ಒಬ್ಬರಿಗೊಬ್ಬರು ಬರೆದ ಪತ್ರಗಳು ಬೆಳಕಿಗೆ ಬಂದವು; 1981ರಲ್ಲಿ ಪುಸ್ತಕವಾದವು. ಮಾತು ಕಡಿಮೆ ಎಂದು ಹೆಸರಾಗಿದ್ದ ಮೇರಿ ಆ ಪತ್ರಗಳಲ್ಲಿ ಮನಸ್ಸು ಬಿಚ್ಚಿ ಬರೆದಿದ್ದಾಳೆ. ಗಂಡನ ಅಂತರಂಗವನ್ನು ಹೀಗೆ ಕಾಗದದ ಮೇಲೆ ಕಾಣುವುದು ತನಗೆ ಹೊಸತು ಎಂದು ಆಕೆ ಬರೆಯುತ್ತಾಳೆ! ನಾಡೇ ಓದಿದ ಪದ್ಯ ಅಚ್ಚಾಗಿ ಆಗಲೇ ಮೂರು ವರ್ಷವಾಗಿತ್ತು. ಅದರಲ್ಲಿ ಆಕೆಯ ಹೆಸರಿಲ್ಲ. ಆಕೆ ಕಾಯುತ್ತಿದ್ದದ್ದು ತನಗೊಬ್ಬಳಿಗೇ ಬಂದ ಮಾತಿಗೆ. ನಮ್ಮ ಧರ್ಮಕೇಂದ್ರಗಳಲ್ಲೂ ಹೆಂಡತಿಯ ಗುಣಗಾನ ಮೊದಲ ಸಲ ಕೇಳಿಬರುವುದು ಅನೇಕ ವೇಳೆ ಆಕೆಯ ಶವಪೆಟ್ಟಿಗೆಯ ಮುಂದೆ.

ವರ್ಡ್ಸ್‌ವರ್ತ್ ಹಾಗೆ ಕಾಯಲಿಲ್ಲ. 1824ರಲ್ಲಿ, ಐವತ್ತು ದಾಟಿದ ಮೇರಿಗೆ ಮತ್ತೆ ಪದ್ಯ ಬರೆದ. ಮಾರ್ಗರೆಟ್ ಗಿಲ್ಲಿಸ್ ಎಂಬ ಚಿತ್ರಕಲಾವಿದೆ ಮುದುಕಿ ಮೇರಿಯ ಚಿತ್ರ ಬರೆದಾಗ, 1840ರಲ್ಲಿ ಎರಡು ಸಾನೆಟ್ ಬರೆದ. ಮೊದಲನೆಯದರಲ್ಲಿ, ಕಾಲ ಮಾಡಿದ ಬದಲಾವಣೆ ತನಗೆ ಕಾಣುವುದಿಲ್ಲ, ಇಂಥ ಚಿತ್ರ ತನಗೆ ವ್ಯರ್ಥ ಎನ್ನುತ್ತಾನೆ. ಎರಡನೆಯದರಲ್ಲಿ, ನೋಡುತ್ತಾ ನೋಡುತ್ತಾ ಆ ಸುಕ್ಕುಗಳ ಸತ್ಯವನ್ನೂ ಒಪ್ಪಿಕೊಳ್ಳುತ್ತಾನೆ. ನನಗೆ ಎರಡನೆಯದೇ ಹೆಚ್ಚು ಇಷ್ಟ.

1847ರಲ್ಲಿ ಮಗಳು ಡೋರಾ ತೀರಿಕೊಂಡಳು. ಕವಿ ಆ ದುಃಖದಿಂದ ಚೇತರಿಸಿಕೊಳ್ಳಲಿಲ್ಲ. 1850ರ ಏಪ್ರಿಲ್ 23ರಂದು, ಎಂಬತ್ತರಲ್ಲಿ, ಆತ ಕಣ್ಣುಮುಚ್ಚಿದ. ತನ್ನ ಬಾಳಿನ ಕಥೆಯನ್ನು ಹೇಳುವ ದೀರ್ಘ ಕಾವ್ಯವೊಂದನ್ನು ಆತ ದಶಕಗಟ್ಟಲೆ ಅಚ್ಚಿಗೆ ಕೊಡದೆ ಇಟ್ಟುಕೊಂಡಿದ್ದ. ಬಹಳ ಹಿಂದೆ ಅದರ ಒಂದು ಪ್ರತಿಯನ್ನು ಮೇರಿಯೇ ಕೈಯಾರೆ ನಕಲು ಮಾಡಿದ್ದಳು. ಅದಕ್ಕೆ ‘ದಿ ಪ್ರಿಲ್ಯೂಡ್’ ಎಂದು ಹೆಸರಿಟ್ಟು ಅದೇ ವರ್ಷ ಹೊರತಂದವಳೂ ಆಕೆಯೇ. ಅದರ ಕೊನೆಯ ಭಾಗದಲ್ಲಿ ಕವಿ ಆ ಹಳೆಯ ಪದ್ಯಕ್ಕೆ ಮರಳುತ್ತಾನೆ: ಅಂದು ಸುಳಿದು ಹೋದ ಬೆಳಕಿನ ರೂಪ ಇಂದು ತನ್ನ ಎದೆಯೊಳಗೇ ಮನೆಮಾಡಿಕೊಂಡಿದೆ ಎಂದು. ಎಂಬತ್ತು ತುಂಬಲಿದ್ದ ವಿಧವೆ ಆ ಸಾಲುಗಳನ್ನೂ ಅಚ್ಚಿಗೆ ಕೊಟ್ಟಳು. 1859ರ ಜನವರಿಯಲ್ಲಿ ಆಕೆಯೂ ತೀರಿಕೊಂಡು, ಗ್ರಾಸ್‌ಮಿಯರ್‌ನಲ್ಲಿ ಗಂಡನ ಜೊತೆಗೇ ಮಣ್ಣಾದಳು.