ಆಂಡರ್ಸನ್ನರೂ ಅವರ ಕೋವಿಯೂ

ಬೇಲೂರು ಹಳೇಬೀಡುಗಳ ದೇವಾಲಯಗಳಿಗೆ ಹೋದವರಾರೂ ಸಳನು ಮೃಗವನ್ನು ಇರಿಯುತ್ತಿರುವ ಶಿಲ್ಪವನ್ನು ನೋಡದೆ ಹಿಂದಿರುಗಲಾರರು. ಕಥೆಯು ಐತಿಹ್ಯವೇ ಆಗಿರಬಹುದು. ಆದರೆ ಆಯುಧವುಳ್ಳವನು ಆಯುಧವಿಲ್ಲದವರಿಗಾಗಿ ಮುಂದೆ ನಿಲ್ಲತಕ್ಕದ್ದೆಂಬ ಧರ್ಮವು ಆ ಕಲ್ಲಿನಲ್ಲಿ ಅಚ್ಚೊತ್ತಿದೆ. ಮೊದಲನೆಯ ಕೋವಿಯನ್ನು ಕೊಳ್ಳಬೇಕೆಂದಿರುವ ತರುಣರು ಯಾವುದು ಉತ್ತಮವೆಂದು ನಮ್ಮನ್ನು ಕೇಳುವುದುಂಟು. ಇದೇ ಸೀಮೆಯಲ್ಲಿ ಆ ಧರ್ಮವನ್ನು ನಡೆಸಿದ ಒಬ್ಬರ ಚರಿತ್ರೆಯೇ ಅವರಿಗೆ ನಮ್ಮ ಉತ್ತರ.

ಕೆನೆತ್ ಆಂಡರ್ಸನ್ನರು 1910ನೆಯ ಇಸವಿಯಲ್ಲಿ ಹೈದರಾಬಾದಿನ ಬಳಿಯ ಬೊಲಾರಮ್ಮಿನಲ್ಲಿ ಜನಿಸಿದರು. ಇವರ ವಂಶವು ಸ್ಕಾಟ್ಲೆಂಡಿನಿಂದ ಬಂದು ಹಲವು ತಲೆಮಾರುಗಳಿಂದ ಈ ದೇಶದಲ್ಲಿ ನೆಲೆಸಿದ್ದಿತು. ಬೆಂಗಳೂರಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ, ಅಂಚೆ ತಂತಿ ಇಲಾಖೆಯಲ್ಲಿಯೂ ತರುವಾಯ ಅಲ್ಲಿಯ ವಿಮಾನ ಕಾರ್ಖಾನೆಯಲ್ಲಿಯೂ ಉದ್ಯೋಗ ಮಾಡಿದರು. ಬೇಟೆಯ ಆಸಕ್ತಿಯು ತಂದೆಯಿಂದ ಬಂದುದು. ಕನ್ನಡ, ತಮಿಳುಗಳನ್ನು ಬಲ್ಲವರಾದುದರಿಂದ ಹಳ್ಳಿಗರ ಕಷ್ಟವನ್ನು ಅವರ ಬಾಯಿಂದಲೇ ಕೇಳಬಲ್ಲವರಾಗಿದ್ದರು. ಇದು ಕೋವಿಗಿಂತ ದೊಡ್ಡ ಸಾಧನವೆಂದು ನಾವು ಎಣಿಸುತ್ತೇವೆ.

ಅವರ ಬಹುಕಾಲದ ಸಂಗಾತಿಯು 1895ನೆಯ ಮಾದರಿಯ ವಿಂಚೆಸ್ಟರ್ ಕೋವಿ. ಕುದುರೆಯ ಸುತ್ತಲಿನ ಲೀವರನ್ನು ಕೆಳಕ್ಕೆ ತಳ್ಳಿದರೆ ಸುಟ್ಟ ತೋಟಾ ಹೊರಬೀಳುವುದು. ಮೇಲಕ್ಕೆಳೆದರೆ ಹೊಸ ತೋಟಾ ನಳಿಗೆಯನ್ನು ಸೇರುವುದು. ಭುಜದಿಂದ ಕೋವಿಯನ್ನು ಇಳಿಸದೆಯೇ ಎರಡನೆಯ ಈಡು ಸಿದ್ಧವಾಗುತ್ತದೆ. ಹಿಂದಿನ ಲೀವರ್ ಕೋವಿಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಇರುತ್ತಿದ್ದುವು. ಮೊನೆಯ ಗುಂಡು ಮುಂದಿನ ತೋಟಾದ ಮದ್ದಿನ ಟೊಪ್ಪಿಗೆ ತಗಲುವ ಅಪಾಯವಿತ್ತು. ಇದರಲ್ಲಿ ಪೆಟ್ಟಿಗೆಯಂತಹ ಕೋಶವಿದ್ದುದರಿಂದ ಆ ಭಯವಿಲ್ಲ. .405 ಅಳತೆಯ ಇದರ ತೋಟಾ 1904ರಲ್ಲಿ ಹೊರಟಿತು. ಗುಂಡಿನ ತೂಕ 300 ಗ್ರೇನು, ಎಂದರೆ ಸುಮಾರು 19 ಗ್ರಾಂ. ಅಮೆರಿಕದ ರೂಸ್‌ವೆಲ್ಟರು 1909ರಲ್ಲಿ ಇಂತಹುದನ್ನೇ ಆಫ್ರಿಕಕ್ಕೆ ಒಯ್ದರು. ಬಹುದೂರದ ಗುರಿಗೆ ಇದು ಶ್ರೇಷ್ಠವಲ್ಲ, ಒದೆತವೂ ಬಲವಾದುದು. ಆದರೆ ಪೊದೆಯಿಂದ ಹತ್ತು ಮಾರಿನೊಳಗೆ ನುಗ್ಗುವ ಮೃಗದೆದುರು ಗುಂಡಿನ ಭಾರ, ಎರಡನೆಯ ಈಡಿನ ವೇಗ, ಕೈಯ ಅಭ್ಯಾಸ, ಈ ಮೂರೇ ಪ್ರಾಣವನ್ನು ಉಳಿಸತಕ್ಕವು.

ಅರಸೀಕೆರೆಯ ಪೂರ್ವಕ್ಕಿರುವ ನಾಗವಾರದ ಗುಡ್ಡಗಳಲ್ಲಿ ಕರಡಿಯೊಂದು ಜನರ ಮೇಲೆ ಬೀಳಲಾರಂಭಿಸಿತು. ಆಂಡರ್ಸನ್ನರ ಬರವಣಿಗೆಯಂತೆ ಸುಮಾರು ಒಂದು ಡಜನ್ ಜನರು ಸತ್ತರು. ಗಾಯಗೊಂಡವರಲ್ಲಿ ಅನೇಕರು ಕಣ್ಣುಮೂಗುಗಳನ್ನು ಕಳೆದುಕೊಂಡರು. ಅಲ್ಲಿಯ ಗೋರಿಯೊಂದನ್ನು ನೋಡಿಕೊಳ್ಳುತ್ತಿದ್ದ ಮುದುಕನ ಮಗನೂ ಬಲಿಯಾದನು. ಆ ತಂದೆಯ ಮೊರೆಯನ್ನು ಕೇಳಿ ಇವರು ಹೊರಟರು. ಕರಡಿಯು ಮೊದಮೊದಲು ಸಿಕ್ಕಲಿಲ್ಲ. ಕಾರ್ಯ ಕೈಗೂಡದೆ ಹಿಂದಿರುಗಬೇಕಾಯಿತು. ಮುಂದೆ ಕಡೂರು ಚಿಕ್ಕಮಗಳೂರುಗಳ ನಡುವಣ ಸಖರಾಯಪಟ್ಟಣದ ಕಾಡಿನಲ್ಲಿ ಅದರ ಹಾವಳಿ ಕಾಣಿಸಿಕೊಂಡಾಗ ಮತ್ತೆ ಹೋಗಿ ಅದನ್ನು ಕೊಂದರು. ಒಮ್ಮೆ ಕೈಗೆತ್ತಿಕೊಂಡ ಹೊಣೆಯನ್ನು ಅವರು ನಡುವೆ ಬಿಡಲಿಲ್ಲ.

1939ರಿಂದ 1966ರವರೆಗೆ ಅವರು 8 ನರಭಕ್ಷಕ ಚಿರತೆಗಳನ್ನೂ 7 ಹುಲಿಗಳನ್ನೂ ಕೊಂದರೆಂದು ಸರ್ಕಾರದ ದಾಖಲೆಯಿದೆ. 1954ರಿಂದ ಅವರ ಗ್ರಂಥಗಳು ಪ್ರಕಟವಾದುವು. ಪೂರ್ಣಚಂದ್ರ ತೇಜಸ್ವಿಯವರಿಂದ ಆ ಕಥೆಗಳು ಕನ್ನಡಿಗರ ಮನೆಮನೆಯನ್ನು ಸೇರಿದುವು. 1974ರಲ್ಲಿ ಆಂಡರ್ಸನ್ನರು ಬೆಂಗಳೂರಿನಲ್ಲಿ ತೀರಿಕೊಂಡರು.

ಅದಕ್ಕೆ ಎರಡು ವರ್ಷ ಮೊದಲೇ, 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಬಂದಿತ್ತು. ಇಂದು ಅರಸೀಕೆರೆಯ ಗುಡ್ಡಗಳಲ್ಲಿ ಕರಡಿಗಳಿಗೆಂದೇ ವನ್ಯಧಾಮವಿದೆ. ಅಲ್ಲಿ ಕೋವಿಗೆ ಕೆಲಸವಿಲ್ಲ. ಆದರೂ ಬೆಳೆಯ ರಕ್ಷಣೆಗೆಂದೋ ಗುರಿಯ ಅಭ್ಯಾಸಕ್ಕೆಂದೋ ಲೈಸೆನ್ಸು ಪಡೆಯುವ ತರುಣನಿಗೆ ನಾವು ಹೇಳುವುದಿಷ್ಟೆ: ಬೆಲೆಯನ್ನೂ ಹೊಳಪನ್ನೂ ನೋಡಿ ಕೋವಿಯನ್ನು ಆರಿಸಬೇಡ. ನಿನ್ನ ಕೆಲಸಕ್ಕೆ ತಕ್ಕುದೊಂದನ್ನು ಆರಿಸಿ, ಕತ್ತಲೆಯಲ್ಲಿಯೂ ಕೈ ತಪ್ಪದಷ್ಟು ಅಭ್ಯಾಸ ಮಾಡು. ಹಾರಿಸಿದ ಪ್ರತಿಯೊಂದು ಗುಂಡಿಗೂ ಕೊನೆಯವರೆಗೆ ಜವಾಬು ಹೇಳುವ ಮನಸ್ಸಿಲ್ಲದಿದ್ದರೆ ಅರ್ಜಿಯನ್ನೇ ಹಾಕಬೇಡ.