ನೆರ್ನ್‌ಸ್ಟ್ ಮತ್ತು ಮಾಮುವಿನ ಕಾರು

ಬೈಲಹೊಂಗಲದಲ್ಲಿ ನಮ್ಮ ಮಾಮು ಗ್ಯಾರೇಜ್ ನಡೆಸುತ್ತಾರೆ. ತಮ್ಮ ಹಳೆಯ ಕಾರ್ಬುರೇಟರ್ ಮಾರುತಿಗೆ ಗಾಳಿ-ಪೆಟ್ರೋಲ್ ಪ್ರಮಾಣ ತೋರಿಸುವ ಗೇಜ್ ಹಾಕಬೇಕೆಂಬುದು ಅವರ ಆಸೆ. ನಾನು ಕಾಮರ್ಸ್ ಓದುವವನು, ಬೆಲೆ ಹೋಲಿಸುವ ಕೆಲಸ ನನಗೆ ಬಂತು. ಸೆನ್ಸರ್ ವಿವರಣೆಯಲ್ಲಿ ನೆರ್ನ್‌ಸ್ಟ್ ಸೆಲ್ ಎಂದಿತ್ತು. ಸೈನ್ಸ್ ಗೆಳೆಯರು ದ್ವಿತೀಯ ಪಿಯುಸಿಯಲ್ಲಿ ಬಾಯಿಪಾಠ ಮಾಡುವ ಸಮೀಕರಣದ ನೆರ್ನ್‌ಸ್ಟ್ ಇವರೇ.

ವಾಲ್ಟರ್ ನೆರ್ನ್‌ಸ್ಟ್ 1864ರಲ್ಲಿ ಪ್ರಶ್ಯದ ಬ್ರೀಸೆನ್‌ನಲ್ಲಿ ಹುಟ್ಟಿದರು. ಆ ಊರು ಈಗ ಪೋಲೆಂಡಿನಲ್ಲಿದೆ. ಸಮೀಕರಣ ಬಂದದ್ದು 1889ರಲ್ಲಿ.

ನನಗೆ ಹಿಡಿಸಿದ್ದು ಅವರ ವ್ಯಾಪಾರ. ಜಿರ್ಕೋನಿಯದ ಕಡ್ಡಿ ಕಾದಾಗ ಅದರಲ್ಲಿ ವಿದ್ಯುತ್ ಹರಿಯುತ್ತದೆ, ಕಡ್ಡಿ ಬೆಳಗುತ್ತದೆ. ಇದರಿಂದ ದೀಪ ಮಾಡಿ, ಹಕ್ಕನ್ನು ಎಇಜಿ ಕಂಪನಿಗೆ ಹತ್ತು ಲಕ್ಷ ಮಾರ್ಕಿಗೆ ಒಂದೇ ಸಲ ಮಾರಿದರು. ಮುಂದೆ ಲೋಹದ ತಂತಿಯ ಬಲ್ಬು ಬಂದು ಆ ದೀಪ ಮೂಲೆ ಸೇರಿತು. ಪ್ರತಿ ದೀಪಕ್ಕೆ ಇಷ್ಟು ಎಂದು ಪಾಲು ಕೇಳಿದ್ದರೆ ಅವರಿಗೆ ಅಷ್ಟು ದುಡ್ಡು ಸಿಗುತ್ತಿರಲಿಲ್ಲ ಎಂದು ನನ್ನ ಲೆಕ್ಕ. ಅವರಿಗೆ ಕಾರಿನ ಹುಚ್ಚೂ ಇತ್ತು. 1914ರಲ್ಲಿ ಯುದ್ಧ ಶುರುವಾದಾಗ, ಐವತ್ತರ ವಯಸ್ಸಿನಲ್ಲಿ, ಕಾರು ಓಡಿಸಿಕೊಂಡು ಸೈನ್ಯದ ಕೆಲಸಕ್ಕೆ ಹೋದರು.

ಅದೇ ಯುದ್ಧಕ್ಕಾಗಿ ರಾಸಾಯನಿಕ ಅಸ್ತ್ರದ ಪ್ರಯೋಗಕ್ಕೂ ಕೈ ಹಾಕಿದರು. ಇದನ್ನು ಬಿಟ್ಟು ಬರೆಯಲು ನನಗೆ ಮನಸ್ಸಾಗಲಿಲ್ಲ. ಅವರ ಇಬ್ಬರು ಗಂಡುಮಕ್ಕಳೂ ಆ ಯುದ್ಧದಲ್ಲೇ ಸತ್ತರು. 1920ರ ನೊಬೆಲ್ ಬಂದಾಗ ಮನೆಯಲ್ಲಿ ಅವರಿರಲಿಲ್ಲ. 1933ರಲ್ಲಿ ಹಿಟ್ಲರ್ ಬಂದ. ಯಹೂದಿ ಗಂಡಂದಿರಿದ್ದ ಇಬ್ಬರು ಹೆಣ್ಣುಮಕ್ಕಳು ದೇಶ ಬಿಡಬೇಕಾಯಿತು. ನೆರ್ನ್‌ಸ್ಟ್ ಕೆಲಸದಿಂದ ನಿವೃತ್ತರಾಗಿ ಹಳ್ಳಿಯ ತೋಟದ ಮನೆ ಸೇರಿ 1941ರ ನವೆಂಬರಿನಲ್ಲಿ ತೀರಿಕೊಂಡರು.

ಅವರ ಜಿರ್ಕೋನಿಯ ಕಾರಿನ ಹೊಗೆ ಪೈಪಿಗೆ ಬಂದದ್ದು 1976ರಲ್ಲಿ, ವೋಲ್ವೊ ಕಾರಿನಲ್ಲಿ, ಬಾಷ್ ಕಂಪನಿಯಿಂದ. ಒಂದು ಬದಿ ಹೊರಗಿನ ಗಾಳಿ, ಇನ್ನೊಂದು ಬದಿ ಹೊಗೆ. ಎರಡರ ಆಮ್ಲಜನಕದಲ್ಲಿ ವ್ಯತ್ಯಾಸವಿದ್ದರೆ ವೋಲ್ಟೇಜ್ ಹುಟ್ಟುತ್ತದೆ. ಎಷ್ಟು ಎಂಬುದನ್ನು ಅವರ ಸಮೀಕರಣವೇ ಹೇಳುತ್ತದೆ.

ಅಗ್ಗದ ನ್ಯಾರೋಬ್ಯಾಂಡ್ ಸೆನ್ಸರ್ ಪೆಟ್ರೋಲ್ ಹೆಚ್ಚೋ ಕಡಿಮೆಯೋ ಎಂದಷ್ಟೇ ತಿಳಿಸುತ್ತದೆ. ವೈಡ್‌ಬ್ಯಾಂಡಿನಲ್ಲಿ ನೆರ್ನ್‌ಸ್ಟ್ ಸೆಲ್ ಜೊತೆ ಆಮ್ಲಜನಕ ತಳ್ಳುವ ಇನ್ನೊಂದು ಸೆಲ್ ಇರುವುದರಿಂದ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬ ಅಂಕಿಯೇ ಸಿಗುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲಿಗೆ ಹಳೆಯ 14.7ರ ಲೆಕ್ಕ ಹೊಂದುವುದಿಲ್ಲ, ಆದ್ದರಿಂದ ಲ್ಯಾಂಬ್ಡಾ ತೋರಿಸುವ ಗೇಜನ್ನೇ ಆರಿಸಿದೆವು. ಲ್ಯಾಂಬ್ಡಾ 1 ಇದ್ದರೆ ಗಾಳಿ-ಪೆಟ್ರೋಲ್ ಸರಿಸಮ. ಬೆಲೆ ಕೇಳಿ ಮಾಮಿ ಎರಡು ದಿನ ಮಾತಾಡಲಿಲ್ಲ.

ಕಳೆದ ಜುಮ್ಮಾ ನಮಾಜ್ ಮುಗಿಸಿ ಕಿತ್ತೂರಿಗೆ ಹೋಗುವಾಗ ಆಕ್ಸಿಲರೇಟರ್ ಒತ್ತಿದರೆ 0.86, ಸಮ ರಸ್ತೆಯಲ್ಲಿ 1.02. ಮಾಮು ರಸ್ತೆಗಿಂತ ಗೇಜನ್ನೇ ಹೆಚ್ಚು ನೋಡುತ್ತಿದ್ದರು.