ಗಣಿತಜ್ಞ ಆರ್ಥರ್ ಕೇಲಿ

ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಇಂದು ಗಣಕಯಂತ್ರದ ಮುಂದೆ ಕುಳಿತು ‘ಆರ್’ ಎಂಬ ಭಾಷೆಯಲ್ಲಿ ಒಂದೇ ಸಾಲಿನ ಆಜ್ಞೆ ಬರೆದು ಮಾತೃಕೆಯನ್ನು ರಚಿಸುತ್ತಾರೆ. 1ರಿಂದ 6ರವರೆಗಿನ ಅಂಕಿಗಳನ್ನು ಕೊಟ್ಟು, ಅಡ್ಡಸಾಲುಗಳು ಎರಡಿರಲೆಂದು ತಿಳಿಸಿದರೆ ಸಾಕು. ಅಂಕಿಗಳು ಕಂಬಸಾಲಿನ ಕ್ರಮದಲ್ಲಿ ತುಂಬಿಕೊಂಡು, ಮೊದಲನೆಯ ಅಡ್ಡಸಾಲಿನಲ್ಲಿ 1, 3, 5 ಎಂದೂ ಎರಡನೆಯದರಲ್ಲಿ 2, 4, 6 ಎಂದೂ ನಿಲ್ಲುತ್ತವೆ. ಇಂತಹ ಕೋಷ್ಟಕಗಳಿಗೂ ಸಂಖ್ಯೆಗಳಂತೆಯೇ ಕೂಡುವ, ಗುಣಿಸುವ ನಿಯಮಗಳನ್ನು ಕಟ್ಟಿಕೊಟ್ಟ ಮಹನೀಯನೇ ಆರ್ಥರ್ ಕೇಲಿ.

ಕೇಲಿಯು 1821ರ ಆಗಸ್ಟ್ 16ರಂದು ಇಂಗ್ಲೆಂಡಿನ ರಿಚ್ಮಂಡ್‌ನಲ್ಲಿ ಜನಿಸಿದನು. ತಂದೆಯು ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ವ್ಯಾಪಾರಿಯಾಗಿದ್ದುದರಿಂದ ಬಾಲ್ಯದ ಮೊದಲ ವರ್ಷಗಳು ಅಲ್ಲಿಯೇ ಕಳೆದವು. ಮಗನನ್ನೂ ವ್ಯಾಪಾರಕ್ಕೇ ಹಾಕಬೇಕೆಂಬುದು ತಂದೆಯ ಇಚ್ಛೆಯಾಗಿತ್ತು. ಆದರೆ ಹುಡುಗನ ಬುದ್ಧಿಯನ್ನು ಕಂಡ ಶಾಲೆಯ ಮುಖ್ಯೋಪಾಧ್ಯಾಯರು ಅವನನ್ನು ಕೇಂಬ್ರಿಜ್‌ಗೆ ಕಳುಹಿಸುವಂತೆ ಹೇಳಿ ಒಪ್ಪಿಸಿದರು. 1842ರ ಗಣಿತ ಪರೀಕ್ಷೆಯಲ್ಲಿ ಕೇಲಿಯೇ ಮೊದಲಿಗನಾದನು.

ಆದರೆ ಅಲ್ಲಿನ ಫೆಲೋ ಹುದ್ದೆಯಲ್ಲಿ ಮುಂದುವರಿಯಬೇಕಾದರೆ ಪಾದ್ರಿಯ ದೀಕ್ಷೆ ಪಡೆಯಬೇಕಾಗಿತ್ತು. ಕೇಲಿ ಅದಕ್ಕೆ ಒಪ್ಪಲಿಲ್ಲ. ಜೀವನೋಪಾಯಕ್ಕಾಗಿ ನ್ಯಾಯಶಾಸ್ತ್ರ ಓದಿ 1849ರಲ್ಲಿ ವಕೀಲನಾದನು. ಹದಿನಾಲ್ಕು ವರ್ಷ ಆಸ್ತಿಪಾಸ್ತಿಗಳ ದಸ್ತಾವೇಜು ಬರೆಯುವುದೇ ಅವನ ಕಸುಬಾಯಿತು. ಹೊಟ್ಟೆಪಾಡಿಗೆ ಬೇಕಾದಷ್ಟು ಕೆಲಸ ಒಪ್ಪಿಕೊಂಡು, ಉಳಿದ ಹೊತ್ತನ್ನೆಲ್ಲ ಗಣಿತಕ್ಕೆ ಮೀಸಲಿಟ್ಟನು. ಆ ಅವಧಿಯಲ್ಲಿ ಅವನು ಬರೆದ ಗಣಿತ ಲೇಖನಗಳು 200ಕ್ಕೂ ಹೆಚ್ಚು!

ಯೆಹೂದ್ಯನೆಂಬ ಕಾರಣಕ್ಕೆ ಕೇಂಬ್ರಿಜ್‌ನಲ್ಲಿ ಪದವಿ ಸಿಗದೆ ಹೋಗಿದ್ದ ಜೇಮ್ಸ್ ಜೋಸೆಫ್ ಸಿಲ್ವೆಸ್ಟರನು ಆಗ ಲಂಡನ್ನಿನ ವಿಮಾ ಸಂಸ್ಥೆಯೊಂದರಲ್ಲಿ ದುಡಿಯುತ್ತಿದ್ದನು. ಇಬ್ಬರೂ ಲಿಂಕನ್ಸ್ ಇನ್ ಎಂಬ ವಕೀಲರ ಆವರಣದಲ್ಲಿ ಅಡ್ಡಾಡುತ್ತ ಗಣಿತವನ್ನೇ ಚರ್ಚಿಸುತ್ತಿದ್ದರು. 1850ರಲ್ಲಿ ‘ಮ್ಯಾಟ್ರಿಕ್ಸ್’ ಎಂಬ ಹೆಸರನ್ನಿಟ್ಟವನು ಸಿಲ್ವೆಸ್ಟರ್. ಲ್ಯಾಟಿನ್ನಿನಲ್ಲಿ ಅದಕ್ಕೆ ಗರ್ಭವೆಂದರ್ಥ. ನಮ್ಮ ‘ಮಾತೃಕೆ’ಯಲ್ಲಿಯೂ ತಾಯಿಯ ಹೆಸರೇ ಇದೆ. ಹೆಸರಿಟ್ಟವನು ಗೆಳೆಯನಾದರೆ, 1858ರ ಪ್ರಬಂಧದಲ್ಲಿ ಅದಕ್ಕೊಂದು ಶಾಸ್ತ್ರವನ್ನೇ ಕಟ್ಟಿದವನು ಕೇಲಿ. ಎರಡನ್ನು ಮೂರರಿಂದ ಗುಣಿಸಿದರೂ ಮೂರನ್ನು ಎರಡರಿಂದ ಗುಣಿಸಿದರೂ ಫಲ ಒಂದೇ; ಮಾತೃಕೆಗಳಲ್ಲಿ ಹಾಗಲ್ಲ, ಕ್ರಮ ಬದಲಾದರೆ ಸಾಮಾನ್ಯವಾಗಿ ಫಲವೂ ಬದಲಾಗುತ್ತದೆ. ‘ಆರ್’ ಭಾಷೆಯಲ್ಲಿ ಬರಿಯ ನಕ್ಷತ್ರ ಚಿಹ್ನೆ ಹಾಕಿದರೆ ಮನೆಗೆ ಮನೆ ಗುಣಿಸುತ್ತದೆ, ಅಷ್ಟೆ. ಕೇಲಿಯ ಗುಣಾಕಾರ ಬೇಕಾದರೆ ಆ ನಕ್ಷತ್ರವನ್ನು ಎರಡು ಶೇಕಡಾ ಚಿಹ್ನೆಗಳ ನಡುವೆ ಬರೆಯಬೇಕು.

1863ರಲ್ಲಿ ಕೇಂಬ್ರಿಜ್ ಅವನನ್ನು ಪ್ರಾಧ್ಯಾಪಕನನ್ನಾಗಿ ಕರೆಯಿತು. ವರಮಾನ ಬಹಳ ಇಳಿಯುವುದೆಂದು ತಿಳಿದಿದ್ದರೂ ಕೇಲಿ ವಕೀಲಿ ಬಿಟ್ಟು ಹೊರಟನು. ಮುಂದೆ ಸ್ತ್ರೀಯರ ಉಚ್ಚ ಶಿಕ್ಷಣಕ್ಕಾಗಿ ಹುಟ್ಟಿದ ನ್ಯೂನ್ಹ್ಯಾಮ್ ಕಾಲೇಜಿಗೂ ನೆರವಾದನು. 1895ರ ಜನವರಿ 26ರಂದು ತೀರಿಕೊಂಡನು. ಅವನ ಗಣಿತ ಲೇಖನಗಳು 13 ಸಂಪುಟಗಳಾಗಿವೆ.

ಪದವಿ ಮುಗಿಸಿ ಹೊರಡುವ ನಮಗೆ ಮೊದಲು ಬೇಕಾಗಿರುವುದು ಸಂಬಳ, ಅದನ್ನು ಮರೆಮಾಚುವುದೇಕೆ? ಮನೆಯವರು ನಮ್ಮ ದಾರಿ ನೋಡುತ್ತಿದ್ದಾರೆ. ಆದರೆ ಸಿಕ್ಕ ಕೆಲಸ ಮನಸ್ಸಿನದಲ್ಲವೆಂದು ಪುಸ್ತಕವನ್ನು ಅಟ್ಟಕ್ಕೇರಿಸಬೇಕಾಗಿಲ್ಲ. ಹಗಲು ದಸ್ತಾವೇಜು ಬರೆಯುತ್ತಿದ್ದ ವಕೀಲನೊಬ್ಬನು ಬಿಡುವಿನಲ್ಲಿ ಕಟ್ಟಿದ ಶಾಸ್ತ್ರವನ್ನೇ ಇಂದು ನಾವು ಓದುತ್ತಿದ್ದೇವೆ.